ಲಘುವಿಮಾನದ ನತೋನ್ನತ ಸ್ಥೈರ್ಯವೂ ಚಾಲಕನ ಹಸ್ತಾನುಭವವೂ

ಜಮಖಂಡಿ, ಮುಧೋಳ, ಬೀಳಗಿ ಸೀಮೆಗಳಲ್ಲಿ ಎರಡು ಗಾಲಿಯ ಗಾಡಿಗೆ ಕಬ್ಬನ್ನು ಹೇರುವ ರೈತನು ಅಚ್ಚಿನ ಮುಂದೆ ಎಷ್ಟು ಭಾರ, ಹಿಂದೆ ಎಷ್ಟು ಭಾರವೆಂಬುದನ್ನು ಮೊದಲು ನೋಡಿಕೊಳ್ಳುವನು. ಮುಂಭಾರವು ಅತಿಯಾದರೆ ನೊಗವು ಎತ್ತುಗಳ ಹೆಗಲನ್ನು ಒತ್ತುವುದು. ಹಿಂಭಾರವಾದರೆ ನೊಗವು ಮೇಲಕ್ಕೆದ್ದು ಕೊರಳ ಹಗ್ಗವು ಬಿಗಿಯುವುದು. ಮೊದಲನೆಯ ದೋಷವು ಶ್ರಮವನ್ನುಂಟುಮಾಡುವುದು, ಎರಡನೆಯದು ಪ್ರಾಣಕ್ಕೇ ಎರವಾಗುವುದು. ಆಕಾಶದಲ್ಲಿ ಸಂಚರಿಸುವ ಸಣ್ಣ ವಿಮಾನದಲ್ಲಿಯೂ ಈ ಎರಡು ದೋಷಗಳ ತಾರತಮ್ಯವು ಹೀಗೆಯೇ ಇರುವುದು.

ವಿಮಾನದ ಮೂತಿಯು ಏಳುವ ಬೀಳುವ ಚಲನೆಯನ್ನು ಇಲ್ಲಿ ನತೋನ್ನತ ಚಲನೆಯೆಂದು ಕರೆಯಲಾಗಿದೆ. ಇದರಲ್ಲಿ ಸಮತ್ವವೆಂಬುದು ಬೇರೆ, ಸ್ಥೈರ್ಯವೆಂಬುದು ಬೇರೆ. ತಲೆಕೆಳಗಾಗಿ ನಿಲ್ಲಿಸಿದ ಒನಕೆಯು ಕ್ಷಣಕಾಲ ಸಮವಾಗಿರಬಹುದು, ಅದು ಸ್ಥಿರವಲ್ಲ. ಕದಲಿಸಿದ ಬಳಿಕ ತಾನಾಗಿಯೇ ಪೂರ್ವಸ್ಥಿತಿಗೆ ಮರಳುವ ಶಕ್ತಿಯುಳ್ಳದ್ದೇ ಸ್ಥಿರವು. ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದವರಿಗೆ ಸ್ಥಿತಿಸ್ಥಾಪಕವೆಂಬ ಸಂಸ್ಕಾರವು ಇಲ್ಲಿ ನೆನಪಾಗದಿರದು. ಆದರೆ ನೈಯಾಯಿಕರು ಹೇಳುವ ಸ್ಥಿತಿಸ್ಥಾಪಕವು ಚಾಪೆಯೇ ಮೊದಲಾದ ದ್ರವ್ಯಗಳಲ್ಲಿರುವ ಗುಣವು. ವಿಮಾನದ ಸ್ಥೈರ್ಯವಾದರೋ ದ್ರವ್ಯದಲ್ಲಿಲ್ಲ, ಭಾರವಿರುವ ಸ್ಥಾನಕ್ಕೂ ಗಾಳಿಯ ಬಲವು ತಾಗುವ ಸ್ಥಾನಕ್ಕೂ ಇರುವ ಸಂಬಂಧದಲ್ಲಿದೆ. ಶಬ್ದಸಾಮ್ಯದಿಂದ ಪ್ರಾಚೀನರ ಮೇಲೆ ಅವರು ಹೇಳದುದನ್ನು ಆರೋಪಿಸುವುದು ಅವರಿಗೆ ಗೌರವವಲ್ಲ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಯಿಸಿದ ವೈಮಾನಿಕಶಾಸ್ತ್ರವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು 1974ರಲ್ಲಿ ಪರೀಕ್ಷಿಸಿ, ಅದರಲ್ಲಿ ವರ್ಣಿತವಾದ ವಿಮಾನಗಳು ಹಾರಲಾರವೆಂದೂ ಗ್ರಂಥದ ಸಂಸ್ಕೃತವು ಅರ್ವಾಚೀನವೆಂದೂ ನಿರ್ಣಯಿಸಿದರು. ಸಂಸ್ಕೃತಾಭಿಮಾನಿಗಳಿಗೆ ಇದು ಅಪ್ರಿಯವಾಗಬಹುದು, ಅಗ್ರಾಹ್ಯವಲ್ಲ.

ಈಗ ಸ್ಥೈರ್ಯದ ಕಾರಣವನ್ನು ನೋಡತಕ್ಕದ್ದು. ಬಿರುಗಾಳಿಯ ಒಂದು ಹೊಡೆತದಿಂದ ಮೂತಿಯು ತುಸು ಮೇಲಕ್ಕೆದ್ದಿತೆಂದು ಭಾವಿಸುವುದು. ಆಗ ರೆಕ್ಕೆಗೂ ಬಾಲದ ಹಲಗೆಗೂ ಗಾಳಿಯು ಹೆಚ್ಚಿನ ಕೋನದಿಂದ ತಗುಲುವುದರಿಂದ ಎರಡರಲ್ಲಿಯೂ ಮೇಲೆತ್ತುವ ಬಲವು ಹೆಚ್ಚುವುದು. ಹೀಗೆ ಹೆಚ್ಚಿದ ಬಲವೆಲ್ಲವೂ ಕೂಡಿ ಒಂದು ಬಿಂದುವಿನಲ್ಲಿ ತಗುಲುವಂತೆ ಎಣಿಸಬಹುದು. ಅದಕ್ಕೆ ತಟಸ್ಥಬಿಂದುವೆಂದು ಹೆಸರು. ವಿಮಾನದ ಗುರುತ್ವಕೇಂದ್ರವು ಈ ಬಿಂದುವಿಗಿಂತ ಮುಂದಿದ್ದರೆ ಹೆಚ್ಚಿನ ಬಲವು ಹಿಂಭಾಗವನ್ನೆತ್ತಿ ಮೂತಿಯನ್ನು ಇಳಿಸುವುದು. ಹಿಂದಿದ್ದರೆ ಎದ್ದ ಮೂತಿಯನ್ನು ಇನ್ನಷ್ಟು ಎತ್ತುವುದು. ಫ್ರಾನ್ಸಿನ ಪೆನೋ ಎಂಬಾತನು 1871ರಲ್ಲಿ ರಬ್ಬರಿನ ಹುರಿಯಿಂದ ಹಾರುವ ಆಟಿಕೆಗೆ ಹಿಂದೆ ಬಾಲವನ್ನಿಟ್ಟು ಈ ಸ್ಥೈರ್ಯವನ್ನು ಸಾಧಿಸಿ ತೋರಿಸಿದನು. 1903ರ ಡಿಸೆಂಬರ್ 17ರಂದು ಹಾರಿದ ರೈಟ್ ಸಹೋದರರ ವಿಮಾನಕ್ಕೆ ಇದು ಇರಲಿಲ್ಲ. ಅದು ಅಲೆಯಂತೆ ಏಳುತ್ತ ಬೀಳುತ್ತ ಸಾಗಿತು.

ಚಾಲಕನು ಇದನ್ನು ಕಣ್ಣಿನಿಂದಲ್ಲ, ಕೈಯಿಂದ ಅರಿಯುವನು. ದೊಡ್ಡ ವಿಮಾನಗಳಲ್ಲಿ ಯಂತ್ರಬಲವು ಚಾಲಕನಿಗೂ ಹಲಗೆಗೂ ನಡುವೆ ನಿಲ್ಲುವುದು. ಸಣ್ಣ ವಿಮಾನದಲ್ಲಿ ಸರಳುಗಳ ಅಥವಾ ತಂತಿಹಗ್ಗಗಳ ಮೂಲಕ ಗಾಳಿಯ ಒತ್ತಡವೇ ಕೈಗೆ ಮುಟ್ಟುವುದು. ವಿಮಾನವು ಸ್ಥಿರವಾಗಿದ್ದರೆ, ಹೊಂದಿಸಿಟ್ಟ ವೇಗಕ್ಕಿಂತ ನಿಧಾನವಾಗಿ ಹಾರಲು ದಂಡವನ್ನು ಎಳೆದು ಹಿಡಿಯಬೇಕು, ತ್ವರೆಯಾಗಿ ಹಾರಲು ಒತ್ತಿ ಹಿಡಿಯಬೇಕು. ಗುರುತ್ವಕೇಂದ್ರವು ಹಿಂದಕ್ಕೆ ಸರಿದಂತೆಲ್ಲ ಈ ಪ್ರತಿರೋಧವು ಕುಗ್ಗುತ್ತ ಬರುವುದು. ಅನನುಭವಿಗೆ ಆ ಹಗುರತನವೇ ಸುಖವಾಗಿ ತೋರುವುದೆಂಬುದು ಇಲ್ಲಿಯ ಮೋಸವು. ಕೈಯ ತಿದ್ದುಪಡಿಯು ಒಂದು ಕ್ಷಣ ತಡವಾಗಿ ತಲುಪಿ, ಮೂತಿಯು ಮಿತಿಮೀರಿ ಇಳಿದು, ಮರಳಿ ಎಳೆದಾಗ ಮಿತಿಮೀರಿ ಏರಿ, ಚಾಲಕನೇ ಡೋಲಾಯಮಾನ ಗತಿಗೆ ಕಾರಣನಾಗುವನು. ಇನ್ನು ಮುಂಭಾರವು ಅತಿಯಾದರೆ ದಂಡವು ಬಿಗಿಯಾಗಿ, ನೆಲಕ್ಕಿಳಿಯುವಾಗ ಮೂತಿಯು ಸಾಕಷ್ಟು ಏಳದು.

ಕರ್ನಾಟಕದಲ್ಲಿ ಈ ವಿಚಾರಕ್ಕೆ ಒಳ್ಳೆಯ ಉದಾಹರಣೆಯು ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು ಕಟ್ಟಿ 1987ರಲ್ಲಿ ಹಾರಿಸಿದ ಸಂಶೋಧನ ಲಘುವಿಮಾನವು. ಅಮೆರಿಕದ ಬರ್ಟ್ ರುಟಾನನು ಮನೆಯಲ್ಲಿಯೇ ವಿಮಾನ ಕಟ್ಟಿಕೊಳ್ಳುವವರಿಗಾಗಿ ರಚಿಸಿದ ಲಾಂಗ್-ಈಜಿ ಎಂಬುದೇ ಅದರ ಮಾದರಿಯು. ಇದರ ಮೈಯು ನೊರೆಯಂತಹ ಹಗುರಾದ ತಿರುಳಿನ ಮೇಲೆ ಗಾಜಿನ ನೂಲಿನ ಬಟ್ಟೆಯನ್ನು ಹಾಸಿ ಅಂಟಿನಿಂದ ಗಟ್ಟಿಗೊಳಿಸಿದುದು. ಹಾಸಿನ ಎಳೆಯು ಎತ್ತ ಸಾಗಿದೆಯೋ ಅತ್ತ ಬಲವು ಹೆಚ್ಚೆಂಬುದನ್ನು ರಬಕವಿ-ಬನಹಟ್ಟಿಯ ನೇಕಾರರಿಗೆ ಹೇಳಬೇಕಾಗಿಲ್ಲ. ಅಂಟು ಎಲ್ಲಿಯಾದರೂ ಹೆಚ್ಚಾದರೆ ಬಲವು ಬೆಳೆಯದು, ಭಾರ ಮಾತ್ರ ಬೆಳೆಯುವುದು. ಆದಕಾರಣ ಒಂದೇ ನಕ್ಷೆಯಿಂದ ಕಟ್ಟಿದ ಎರಡು ವಿಮಾನಗಳ ಗುರುತ್ವಕೇಂದ್ರಗಳು ಒಂದೇ ಕಡೆ ಇರಲಾರವು. ಪ್ರತಿಯೊಂದನ್ನೂ ಮೂರು ಗಾಲಿಗಳ ಕೆಳಗೆ ತಕ್ಕಡಿಯಿಟ್ಟು ತೂಗಲೇಬೇಕು.

ಈ ಮಾದರಿಯಲ್ಲಿ ಅಡ್ಡಹಲಗೆಯು ಹಿಂದಿಲ್ಲದೆ ಮೂತಿಯ ಬಳಿಯಲ್ಲಿದೆ. ಯಂತ್ರವು ಬೆನ್ನ ಹಿಂದಿದೆ. ಚಾಲಕನಿಲ್ಲದಾಗ ಇದು ಹಿಂದಕ್ಕೆ ಮಗುಚುವ ಸಂಭವವುಂಟಾದ್ದರಿಂದ ಮುಂಗಾಲಿಯನ್ನು ಮಡಚಿ, ಮಂಡಿಯೂರಿದ ಹೋರಿಯಂತೆ ಮೂತಿಯನ್ನು ನೆಲಕ್ಕೆ ಊರಿ ನಿಲ್ಲಿಸುವರು. ಹಾರುವಾಗ ಮುಂದಿನ ಹಲಗೆಯು ರೆಕ್ಕೆಗಿಂತ ಮೊದಲು ತನ್ನ ಬಲವನ್ನು ಕಳೆದುಕೊಳ್ಳುವಂತೆ ಏರ್ಪಾಡು ಮಾಡಿದೆ. ಮೂತಿಯು ಅತಿಯಾಗಿ ಏಳುವ ಮುನ್ನವೇ ತಾನಾಗಿ ಬಾಗುವುದು. ಗುರುತ್ವಕೇಂದ್ರವು ಹಿಂದಿನ ಎಲ್ಲೆಯನ್ನು ಮೀರಿದರೆ ಈ ರಕ್ಷಣೆಯು ತಪ್ಪಿ, ರೆಕ್ಕೆಯೇ ಮೊದಲು ಸೋತು, ವಿಮಾನವು ಚಾಲಕನ ಕೈಗೆ ಮರಳದೆ ಕೆಳಗಿಳಿಯಬಹುದು.

ಎಲ್ಲೆಯನ್ನು ಮೀರಲು ಎಷ್ಟು ಭಾರ ಬೇಕೆಂಬುದನ್ನು ಗಣಿಸಿ ನೋಡಬಹುದು. ಒಟ್ಟು 500 ಕಿಲೋ ತೂಕದ ವಿಮಾನದಲ್ಲಿ ಚಾಲಕನು ಗುರುತ್ವಕೇಂದ್ರಕ್ಕಿಂತ 1 ಮೀಟರು ಮುಂದೆ ಕುಳಿತಿರುವನೆನ್ನೋಣ. ಅವನ ಬದಲಿಗೆ 20 ಕಿಲೋ ಕಡಿಮೆ ತೂಕದವನು ಕುಳಿತರೆ, 20ನ್ನು ಉಳಿದ 480ರಿಂದ ಭಾಗಿಸಲು, ಕೇಂದ್ರವು ಸುಮಾರು 4 ಸೆಂಟಿಮೀಟರು ಹಿಂದಕ್ಕೆ ಸರಿಯುವುದು. ಎರಡು ಬೆರಳಗಲದ ಈ ಅಂತರವನ್ನು ನೋಟಕರು ನಗೆಗೀಡುಮಾಡಬಹುದು. ದಂಡವನ್ನು ಹಿಡಿದ ಕೈಯು ನಗಲಾರದು. ಮೊದಲಿನ ಕೇಂದ್ರದಿಂದ 2 ಮೀಟರು ಮುಂದೆ, ಮೂತಿಯಲ್ಲಿ 10 ಕಿಲೋ ಸೀಸವನ್ನಿಟ್ಟರೆ ಅದು ಸ್ವಸ್ಥಾನಕ್ಕೆ ಮರಳುವುದು. ಲಾಂಗ್-ಈಜಿಯಲ್ಲಿ ಹಿಂದಿನ ಆಸನವು ಕೇಂದ್ರದ ಸಮೀಪದಲ್ಲಿರುವುದರಿಂದ ಜೊತೆಗಾರನು ಸ್ಥೂಲನಾದರೂ ಕೃಶನಾದರೂ ವ್ಯತ್ಯಾಸವು ಅಲ್ಪವು. ಮುಂದೆ ಒಬ್ಬನೇ ಕೂಡುವ ಕೃಶ ಚಾಲಕನಿಗೇ ಸೀಸದ ಅಗತ್ಯವು.

ಮತ್ತೊಂದು ವಿಲಕ್ಷಣವು ಮಳೆಯಲ್ಲಿ ಕಂಡುಬಂದಿತು. ಈ ಬಗೆಯ ಮೊದಲಿನ ವಿಮಾನಗಳ ಮುಂದಿನ ಹಲಗೆಯ ಆಕಾರವು ನುಣುಪಾದ ಗಾಳಿಯ ಹರಿವನ್ನೇ ಬಹುವಾಗಿ ನಂಬಿದ್ದಿತು. ಹನಿಗಳು ಅಂಟಿಕೊಂಡು ಆ ಹರಿವು ಕೆಡಲು, ಹಲಗೆಯ ಬಲವು ಕುಗ್ಗಿ ಮೂತಿಯು ಸಾಮಾನ್ಯವಾಗಿ ಕೆಳಗೆ ಬಾಗುತ್ತಿತ್ತು; ಚಾಲಕನು ದಂಡವನ್ನು ಎಳೆದು ಹಿಡಿಯಬೇಕಾಗುತ್ತಿತ್ತು. ಜಾನ್ ರಾನ್ಜ್ ಎಂಬಾತನು ತೇವದಿಂದ ಹೆಚ್ಚು ಕೆಡದ ಬೇರೆ ಆಕಾರವನ್ನು ರಚಿಸಿದ ಬಳಿಕ ಕಟ್ಟುವವರಲ್ಲಿ ಅನೇಕರು ಹಳೆಯ ಹಲಗೆಯನ್ನು ತೆಗೆದು ಹೊಸದನ್ನು ಜೋಡಿಸಿಕೊಂಡರು.