ಒಳಗೆ ಕೂತ ಕಲೆ

ಗಾಯ ಒಣಗುವ ಪಾಠ ಬಂದರೆ ಮಕ್ಕಳು ಮೊಣಕಾಲಿನ ಕಲೆ ತೋರಿಸ್ತಾರೆ, ತೋಳಿನ ಬಿ.ಸಿ.ಜಿ. ಗುರುತು ತೋರಿಸ್ತಾರೆ. ಕಣ್ಣಿಗೆ ಕಾಣದ ಕಲೆಯೂ ಇದೆ ಅಂತ ನೀವು ಹೇಳಿದ್ದೀರಾ? ಸ್ತನದ ಗಾತ್ರ ಹೆಚ್ಚಿಸುವ ಆಪರೇಷನ್ ಇದಕ್ಕೆ ಒಳ್ಳೆಯ ಉದಾಹರಣೆ. ಹಿಂದಿನ ಬೆಂಚಿನಲ್ಲಿ ನಗು ಏಳಬಹುದು, ಏಳಲಿ. ಇದರ ಜಾಹೀರಾತು ಅವರ ಮೊಬೈಲಿಗೂ ಬರ್ತದೆ.

1962ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಥಾಮಸ್ ಕ್ರೋನಿನ್, ಫ್ರಾಂಕ್ ಜೆರೋ ಎಂಬ ವೈದ್ಯರು ಟಿಮ್ಮಿ ಜೀನ್ ಲಿಂಡ್ಸೆ ಎಂಬಾಕೆಗೆ ಮೊದಲ ಸಿಲಿಕೋನ್ ಚೀಲ ಇಟ್ಟರು. ಆಕೆ ಹೋದದ್ದು ಹಚ್ಚೆ ತೆಗೆಸಲಿಕ್ಕೆ! ಸರಿಪಡಿಸಬೇಕು ಅಂತ ಆಕೆಗೆ ಅನಿಸಿದ್ದು ಕಿವಿಯನ್ನು, ಅದನ್ನೂ ಮಾಡಿಕೊಟ್ಟರು.

ಹೊರಗಿನ ಕಲೆ ಸಣ್ಣದು. ಸ್ತನದ ಕೆಳಮಡಿಕೆಯಲ್ಲೋ, ತೊಟ್ಟಿನ ಸುತ್ತಲ ಕಪ್ಪು ವೃತ್ತದ ಅಂಚಿನಲ್ಲೋ, ಕಂಕುಳಲ್ಲೋ ಕೊಯ್ತಾರೆ. ಕೆಲವು ತಿಂಗಳು ಕೆಂಪಗಿದ್ದು ಆಮೇಲೆ ಮಾಸುತ್ತದೆ. ಕೆಲವರಿಗೆ ಮಾತ್ರ ಗಾಯದ ಗಡಿ ದಾಟಿ ಗಂಟಿನ ಹಾಗೆ ಬೆಳೀತದೆ, ಅದು ಕೀಲಾಯ್ಡ್. ಕಿವಿ ಚುಚ್ಚಿಸಿದಲ್ಲಿ ಬರುವ ಗಂಟೂ ಇದೇ. ನಮ್ಮಂಥ ಕಂದುಬಣ್ಣದವರಲ್ಲಿ ಇದು ಬಿಳಿಯರಿಗಿಂತ ಹೆಚ್ಚು.

ನಿಜವಾದ ಕತೆ ಒಳಗಿದೆ. ಸಿಲಿಕೋನನ್ನು ದೇಹಕ್ಕೆ ಕರಗಿಸಲಿಕ್ಕೆ ಆಗುವುದಿಲ್ಲ. ಹಾಗಾಗಿ ಸುತ್ತ ಕೊಲಾಜೆನ್ ನೇಯ್ದು ಗೋಡೆ ಕಟ್ಟುತ್ತದೆ. ಪೇಸ್‌ಮೇಕರ್ ಸುತ್ತಲೂ ಹೀಗೇ. ಈ ಗೋಡೆ ಎಲ್ಲರಲ್ಲೂ ಉಂಟಾಗ್ತದೆ, ಹೆಚ್ಚಿನವರಲ್ಲಿ ತೆಳುವಾಗಿ ಮೆತ್ತಗೆ ಉಳೀತದೆ. ಕೆಲವರಲ್ಲಿ ಅಲ್ಲಿರುವ ಮಯೋಫೈಬ್ರೋಬ್ಲಾಸ್ಟ್ ಜೀವಕೋಶಗಳು ಸ್ನಾಯುವಿನಂತೆ ಕುಗ್ಗಿ ಗೋಡೆಯನ್ನು ಬಿಗಿಯುತ್ತವೆ. ನೀರು ತುಂಬಿದ ಬಲೂನಿಗೆ ಬಟ್ಟೆ ಸುತ್ತಿ ಹಿಂಡಿ ತೋರಿಸಿ: ಮೆತ್ತಗಿದ್ದ ಬಲೂನು ಗುಂಡಗೆ, ಗಟ್ಟಿಯಾಗ್ತದೆ. ನೀರು ಗಟ್ಟಿಯಾಯಿತೇ? ಇಲ್ಲ. ಸ್ತನ ಕಲ್ಲಾಯಿತು ಅನ್ನುವಲ್ಲಿಯೂ ಬದಲಾದದ್ದು ಚೀಲವಲ್ಲ, ಸುತ್ತಲ ಕಲೆ.

ವೈದ್ಯರು ಇದನ್ನು ನಾಲ್ಕು ಹಂತವಾಗಿ ಎಣಿಸ್ತಾರೆ. ನಾಲ್ಕನೆಯದರಲ್ಲಿ ನೋವು ಇದೆ, ಆಕಾರವೂ ಕೆಡ್ತದೆ. ಮತ್ತೆ ಆಪರೇಷನ್ ಮಾಡಿ ಗೋಡೆ ತೆಗೆಯಬೇಕಾಗಬಹುದು. ಸುತ್ತ ರಕ್ತ ನಿಲ್ಲುವುದು, ಚೀಲಕ್ಕೆ ಬ್ಯಾಕ್ಟೀರಿಯಾ ಅಂಟಿಕೊಳ್ಳುವುದು ಕಾರಣ ಅನ್ನುತ್ತಾರೆ. ಇದನ್ನು ತಡೆಯಲಿಕ್ಕೆಂದು ಒರಟು ಮೈಯ ಚೀಲ ತಂದರು. ಅದಕ್ಕೂ ಒಂದು ಅಪರೂಪದ ಲಿಂಫೋಮಾ ಕ್ಯಾನ್ಸರಿಗೂ ನಂಟು ಕಂಡು, ಒಂದು ಬಗೆಯನ್ನು 2019ರಲ್ಲಿ ಜಗತ್ತಿನೆಲ್ಲೆಡೆಯಿಂದ ಹಿಂದಕ್ಕೆ ಪಡೆದರು. ಜಾಹೀರಾತು ಏನೇ ಹೇಳಲಿ, ಈ ಚೀಲಗಳು ಜೀವಮಾನಕ್ಕಲ್ಲ.

ಅಂದವೊಂದೇ ಇದರ ಕಾರಣವಲ್ಲ ಅನ್ನುವುದನ್ನೂ ಹೇಳಿಬಿಡಿ. ಕ್ಯಾನ್ಸರಿಗೆ ಸ್ತನ ತೆಗೆಸಿಕೊಂಡವರಿಗೂ ಇದೇ ಚೀಲ ಇಡ್ತಾರೆ, ರೇಡಿಯೇಷನ್ ಆದವರಲ್ಲಿ ಈ ಬಿಗಿತ ಇನ್ನೂ ಹೆಚ್ಚು. ಅಂಥ ಅಮ್ಮನ ಮಗುವೂ ನಿಮ್ಮ ಕ್ಲಾಸಿನಲ್ಲಿ ಕೂತಿರಬಹುದು.