ಆಟದ ರೈಲಿನ ಕೊಂಡಿಗಳು

ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡ ಪಟ್ಟಣಗಳೊಳಕ್ಕೆ ರೈಲಿನ ಹಳಿಯು ಇನ್ನೂ ಬಂದಿಲ್ಲವಾದರೂ, ಅಲ್ಲಿಯ ಕೆಲವು ಮನೆಗಳೊಳಕ್ಕೆ ಬಂದಿರುವುದುಂಟು. ಪರದೇಶದಲ್ಲಿ ಉದ್ಯೋಗದಲ್ಲಿರುವ ಮಕ್ಕಳು ಊರಿನ ಎಳೆಯರಿಗಾಗಿ ಆಟದ ರೈಲುಗಳನ್ನು ಕಳುಹುತ್ತಾರೆ. ಪುಣೆಯ ಕೋಥರೂಡದಲ್ಲಿ 1998ರಲ್ಲಿ ತೆರೆದ ಜೋಶಿಯವರ ಕಿರುರೈಲುಗಳ ಸಂಗ್ರಹಾಲಯವನ್ನು ಕಂಡುಬಂದ ಹುಡುಗರಂತೂ ಮನೆಯಲ್ಲಿ ಹಟ ಹಿಡಿಯದೆ ಇರುವುದಿಲ್ಲ. ರೈಲೇನೋ ಬರುವುದು, ಆದರೆ ಒಂದು ದೇಶದ ಡಬ್ಬಿಯು ಇನ್ನೊಂದು ದೇಶದ ಡಬ್ಬಿಯೊಡನೆ ಕೂಡುವುದಿಲ್ಲವೆಂಬ ತೊಡಕನ್ನು ವಾಚಕರಲ್ಲಿ ಕೆಲವರಾದರೂ ಅನುಭವಿಸಿರಬೇಕು.

ಪೆಟ್ಟಿಗೆಗಳ ಮೇಲೆ ಬಹುಮಟ್ಟಿಗೆ ಇರುವ ಗುರುತು ಒಂದೇ: ಎಚ್‌ಓ. ಅಂದರೆ ನಿಜವಾದ ಗಾಡಿಯ 87ನೆಯ ಒಂದಂಶ. ಹಳಿಯ ಅಗಲವು 16.5 ಮಿಲಿಮೀಟರು. ಆದಕಾರಣ ಎಲ್ಲವೂ ಒಂದೇ ಹಳಿಯ ಮೇಲೆ ಓಡುವುವು, ಆದರೆ ಒಂದನ್ನೊಂದು ಹಿಡಿಯಲಾರವು. ಯುರೋಪಿನ ಡಬ್ಬಿಗೆ ತಂತಿಯ ಕುಣಿಕೆಯೂ ಕೊಕ್ಕೆಯೂ ಇರುವುವು. ಅಮೇರಿಕೆಯ ಡಬ್ಬಿಗೆ ಮಡಿಸಿದ ಬೆರಳಿನಂತಹ ಗೆಣ್ಣುಕೊಂಡಿ. ಅಲ್ಲಿಯದೇ ಹಳೆಯ ಅಗ್ಗದ ಡಬ್ಬಿಗಾದರೆ ಕೊಂಬುಳ್ಳ ಪ್ಲಾಸ್ಟಿಕ್ ಕೊಕ್ಕೆ. ವಿಲಾಯತಿಯ ಹಾರ್ನ್‌ಬಿ ಗಾಡಿಗಳು ಗಾತ್ರದಲ್ಲಿ 76ನೆಯ ಒಂದಂಶದವಾದರೂ ಅದೇ ಹಳಿಯಲ್ಲಿ ಓಡುವುವು. ಅವುಗಳ ಕೊಕ್ಕೆ ಮತ್ತೊಂದು ಬಗೆಯದು.

ಅಥಣಿಯ ಒಂದು ಮನೆಯಲ್ಲಿ ಹಿರಿಯ ಮಗನು ಜರ್ಮನಿಯಿಂದ ಎಂಜಿನನ್ನೂ ಎರಡು ಡಬ್ಬಿಗಳನ್ನೂ, ಕಿರಿಯನು ಅಮೇರಿಕೆಯಿಂದ ನಾಲ್ಕು ಡಬ್ಬಿಗಳನ್ನೂ ತಂದಿದ್ದರು. ಮೊಮ್ಮಗನು ಎರಡು ಪಂಗಡಗಳನ್ನೂ ನೂಲಿನಿಂದ ಕಟ್ಟಿದನು. ಮೊದಲ ತಿರುವಿನಲ್ಲಿಯೇ ಡಬ್ಬಿಗಳು ಹಳಿ ತಪ್ಪಿ ಮಗುಚಿದುವು. ಕಿರಿಯವನ ಡಬ್ಬಿಗಳು ಅಟ್ಟವನ್ನೇರಿದುವು. ಮನೆಯ ಯಜಮಾನರ ಚಿಂತೆ ಆಟದ್ದಲ್ಲ. “ಸಣ್ಣಾಂವ ದೀಪಾವಳಿಗೆ ಬಂದು, ‘ನನ್ನ ಡಬ್ಬಿ ಎಲ್ಲಿ ಅದಾವ?’ ಅಂತ ಕೇಳಿದರ ಏನ ಹೇಳೂದ್ರಿ ಮಾಸ್ತರ?” ಎಂದು ಅವರು ನಮ್ಮನ್ನು ಕೇಳಿದರು.

ಇದು ಮಕ್ಕಳ ರೈಲಿನ ದೋಷ ಮಾತ್ರವೆಂದು ಬಗೆಯಲಾಗದು. ಶೇಡಬಾಳದಿಂದ ಅನತಿದೂರದ ಮಿರಜದಲ್ಲಿ ಒಂದು ಕಾಲಕ್ಕೆ ಮೂರು ಅಳತೆಯ ಹಳಿಗಳು ಸೇರುತ್ತಿದ್ದುವು: ಪುಣೆಯ ಕಡೆಗೆ 1676 ಮಿಲಿಮೀಟರಿನದು, ಕುಡಚಿ ರಾಯಬಾಗಗಳ ಮೇಲೆ ಲೋಂಡಾಕ್ಕೆ 1000ದ್ದು, ಬಾರ್ಶಿಯ ಕಡೆಗೆ 762ರದ್ದು. ಸರಕನ್ನು ಒಂದು ಡಬ್ಬಿಯಿಂದಿಳಿಸಿ ಮತ್ತೊಂದಕ್ಕೆ ಹೇರಬೇಕಾಗುತ್ತಿತ್ತು. 1990ರ ದಶಕದಲ್ಲಿ ನಮ್ಮ ಕಡೆಯ ಹಳಿಯೂ ಅಗಲವಾಯಿತು. ಆದರೂ ಕೊಂಡಿಯ ಭೇದವು ಉಳಿಯಿತು. ಪೆರಂಬೂರಿನ ಹಳೆಯ ಮಾದರಿಯ ಡಬ್ಬಿಗಳಿಗೆ ತಿರುಪಿನ ಕೊಂಡಿಯೂ ಎರಡು ಬದಿಗೆ ಬಫರುಗಳೂ ಇರುವುವು. ಹೊಸ ಎಲ್‌ಎಚ್‌ಬಿ ಡಬ್ಬಿಗಳಿಗೆ ನಡುವಿನಲ್ಲಿ ಗೆಣ್ಣುಕೊಂಡಿ. ಎರಡನ್ನೂ ಎಳೆಯಬೇಕಾದ ಎಂಜಿನುಗಳಿಗೆ ರೈಲ್ವೆಯವರು ಎರಡು ಬಗೆಯನ್ನೂ ಅಳವಡಿಸಿದರು. ಎತ್ತರಕ್ಕೂ ಕಟ್ಟಳೆಯುಂಟು: ಬರಿದಾದ ಗಾಡಿಯಲ್ಲಿ ಹಳಿಯಿಂದ 1105 ಮಿಲಿಮೀಟರನ್ನು ಮೀರಬಾರದು, ತುಂಬಿದ ಗಾಡಿಯಲ್ಲಿ 1030ಕ್ಕಿಂತ ಇಳಿಯಬಾರದು.

ಆಟದ ರೈಲಿನಲ್ಲಿಯೂ ಮೊದಲು ನೋಡತಕ್ಕದ್ದು ಎತ್ತರವನ್ನೇ. ಕೊಂಡಿಗಳು ಒಂದೇ ಜಾತಿಯವಾಗಿದ್ದೂ ಎತ್ತರದಲ್ಲಿ ಭೇದವಿದ್ದರೆ ನೆಲ ತಗ್ಗಾದಲ್ಲಿ ಒಂದು ಇನ್ನೊಂದರ ಕೆಳಗೆ ನುಸುಳಿ ಬಿಟ್ಟುಹೋಗುವುದು. ಗೆಣ್ಣುಕೊಂಡಿಯ ನಡುಭಾಗವು ಹಳಿಯ ನೆತ್ತಿಯಿಂದ ಸುಮಾರು 9.9 ಮಿಲಿಮೀಟರು ಎತ್ತರದಲ್ಲಿರಬೇಕು. ಗಟ್ಟಿ ರಟ್ಟನ್ನು ಆ ಅಳತೆಗೆ ಕತ್ತರಿಸಿ ಹಳಿಯ ಮೇಲೆ ನಿಲ್ಲಿಸಿದರೆ ಅದೇ ಮಾನದಂಡವಾಯಿತು. ಕೊಂಡಿಯು ಡಬ್ಬಿಯ ತಳಕ್ಕೆ ಹೊಂದಿಕೊಂಡು ತಗ್ಗಾಗಿದ್ದರೆ, ಚಕ್ರಗಳ ಚೌಕಟ್ಟಿನ ತಿರುಪನ್ನು ಬಿಚ್ಚಿ, ಚೌಕಟ್ಟಿಗೂ ತಳಕ್ಕೂ ನಡುವೆ ತೆಳುವಾದ ವಾಷರೊಂದನ್ನು ಇಡಬೇಕು. ಎತ್ತರವಾಗಿದ್ದರೆ ಡಬ್ಬಿಯನ್ನು ಅರದಿಂದ ಉಜ್ಜಕೂಡದು. ತಲೆಯು ತಗ್ಗಿರುವ ಕೊಂಡಿಯೇ ಬೇರೆ ಸಿಗುವುದು. ಅಂಟಿನ ಗೊಡವೆಗಂತೂ ಹೋಗಬಾರದು. ಅಂಟಿಸಿದ ಕೊಂಡಿಯು ಅಲುಗದು, ಅಲುಗದ ಕೊಂಡಿಯು ತಿರುವಿನಲ್ಲಿ ಡಬ್ಬಿಯನ್ನೇ ಕೆಡಹುವುದು.

ಎತ್ತರ ಸರಿಯಾದ ಮೇಲೆ ಜಾತಿಯ ವಿಚಾರ. ಯುರೋಪಿನ ಈಚಿನ ಡಬ್ಬಿಗಳ ತುದಿಯಲ್ಲಿ ಚಿಕ್ಕದೊಂದು ಚೌಕ ಗೂಡು ಇರುವುದು. ಎನ್‌ಇಎಂ 362 ಎಂಬುದು ಅದರ ಹೆಸರು. ಅದರೊಳಗಿನ ಕುಣಿಕೆಯನ್ನು ಬೆರಳಿನಿಂದಲೇ ಎಳೆದು ತೆಗೆದು, ಕೇಡೀ ಕಂಪನಿಯ 17ರಿಂದ 20ರವರೆಗಿನ ಗೆಣ್ಣುಕೊಂಡಿಗಳಲ್ಲಿ ಒಂದನ್ನು ತುರುಕಬಹುದು. ನಾಲ್ಕರ ಉದ್ದವೂ ಬೇರೆ ಬೇರೆ; ತಿರುವಿನಲ್ಲಿ ಡಬ್ಬಿಗಳ ಮೂಲೆಗಳು ತಾಗದಷ್ಟು ಉದ್ದವಿದ್ದರೆ ಸಾಕು.

ಅಥಣಿಯ ಎಂಜಿನಿಗೆ ಈ ಗೂಡು ಇರಲಿಲ್ಲ, ಡಬ್ಬಿಗಳಿಗೆ ಇದ್ದಿತು. ಆದುದರಿಂದ ಜರ್ಮನಿಯ ಒಂದು ಡಬ್ಬಿಯ ಮುಂದಿನ ಕುಣಿಕೆಯನ್ನು ಹಾಗೆಯೇ ಉಳಿಸಿ, ಹಿಂದಿನ ತುದಿಗೆ ಗೆಣ್ಣುಕೊಂಡಿಯನ್ನು ಹಾಕಲಾಯಿತು. ಮನೆ ಎಂಬುದಕ್ಕೆ ಅನ್ನು ಎಂಬುದು ಸೇರುವಾಗ ನಡುವೆ ಯಕಾರವು ಬಂದು ಎರಡನ್ನೂ ಕೆಡದಂತೆ ಕೂಡಿಸುವುದಲ್ಲವೆ? ಈ ಡಬ್ಬಿಯದು ಅದೇ ಕೆಲಸ. ಹಿರಿಯವನ ಎಂಜಿನು ಕಿರಿಯವನ ನಾಲ್ಕು ಡಬ್ಬಿಗಳನ್ನೂ ಎಳೆಯಿತು. ಹುಡುಗನು ಆ ನಡುವಿನ ಡಬ್ಬಿಗೆ ಕೆಂಪು ಬಣ್ಣದ ಚುಕ್ಕೆಯನ್ನಿಟ್ಟುಕೊಂಡಿದ್ದಾನೆ. ಸಾಲಿನಲ್ಲಿ ಅದರ ಸ್ಥಳವು ತಪ್ಪಬಾರದಷ್ಟೆ.

ಕೊಂಬಿನ ಕೊಕ್ಕೆಯಿರುವ ಡಬ್ಬಿಗಳನ್ನು ಮಾತ್ರ ಈ ಉಪಾಯದಿಂದ ಸುಧಾರಿಸುವ ಬದಲು ಕೊಕ್ಕೆಯನ್ನೇ ತೆಗೆಯುವುದು ಮೇಲೆಂದು ನಮ್ಮ ಮತ. ಹಿಂದಕ್ಕೆ ತಳ್ಳಿದಾಗ ಅವು ಒಂದನ್ನೊಂದು ಪಕ್ಕಕ್ಕೆ ನೂಕುವುವು. ಗೆಣ್ಣುಕೊಂಡಿಯ ಕೆಳಗೆ ಇಳಿಬಿದ್ದ ಬಾಗಿದ ತಂತಿಯು ಹಳಿಗಳು ಕವಲೊಡೆಯುವಲ್ಲಿ ತೊಡರಿದರೆ ಇಕ್ಕಳದಿಂದ ತುಸು ಮೇಲಕ್ಕೆತ್ತಬೇಕು. ಬಿಗಿಯಾದ ಕೊಂಡಿಗೆ ಎಣ್ಣೆ ಬೇಡ, ಧೂಳು ಮೆತ್ತುವುದು. ಗ್ರಾಫೈಟಿನ ಪುಡಿ ಚಿಟಿಕೆಯಷ್ಟು ಸಾಕು. ಆರು ಅಂಗುಲದ ಡಬ್ಬಿಯು ಸುಮಾರು 113 ಗ್ರಾಮು ತೂಗಬೇಕು. ಹಗುರಾಗಿದ್ದರೆ ಒಳಗೆ ನಾಣ್ಯಗಳನ್ನಿಡಬಹುದು. ಸೀಸದ ತುಂಡುಗಳು ಬೇಡ, ಎಳೆಯರ ಕೈ ಬಾಯಿಗೆ ಹೋಗುವುದು.