ಗಾಡಿಯ ‘ಟಕ್ ಟಕ್’ ಸದ್ದು: ಘಾಟಿ ಇಳಿಯುವ ಮುನ್ನ



ಮಳೆಗಾಲ ಕಳೆದು ಅಡಿಕೆ ಕೊಯ್ಲು ಆರಂಭವಾಗುವ ಹೊತ್ತಿಗೆ ನಮ್ಮ ಗಾಡಿಗಳಲ್ಲಿ ಒಂದು ದೂರು ಸಾಮಾನ್ಯ: ಮುಂದಿನ ಚಕ್ರದ ಕಡೆಯಿಂದ ‘ಟಕ್ ಟಕ್’ ಸದ್ದು. ನಾಲ್ಕು ತಿಂಗಳ ಹೊಂಡದ ನೀರು, ಮುರಕಲ್ಲಿನ ಕೆಂಪು ಮಣ್ಣು ಮತ್ತು ಬೈಂದೂರಿನಿಂದ ಬ್ರಹ್ಮಾವರದವರೆಗಿನ ಉಪ್ಪುಗಾಳಿ ಇದಕ್ಕೆ ಕಾರಣ. ಕೀಲುಗಳ ಮೇಲಿನ ರಬ್ಬರ್ ಹೊದಿಕೆ ಹರಿದರೆ ಗ್ರೀಸ್ ತೊಳೆದುಹೋಗಿ ಮಣ್ಣು ಒಳಸೇರುತ್ತದೆ, ಕೀಲು ಸವೆಯುತ್ತದೆ.

ಎಲ್ಲ ಸದ್ದೂ ಒಂದೇ ಅಲ್ಲ. ಕೆಲವು ಕಿವಿಗೆ ಕಿರಿಕಿರಿ ಮಾತ್ರ, ಕೆಲವು ಪ್ರಾಣಕ್ಕೇ ಸಂಚಕಾರ. ಹೊಸಂಗಡಿಯಿಂದ ಹುಲಿಕಲ್ ಘಾಟಿಯನ್ನೋ, ಸೋಮೇಶ್ವರದಿಂದ ಆಗುಂಬೆಯ 14 ತಿರುವುಗಳನ್ನೋ ಹತ್ತಿಳಿಯುವ ನಾವು ಇವೆರಡರ ವ್ಯತ್ಯಾಸವನ್ನು ತಿಳಿದಿರಲೇಬೇಕು.

ಮೊದಲು ಜಾಕ್, ಪಾನಾ, ಸ್ಟೆಪ್ನಿ ಸಡಿಲವಾಗಿ ಬಡಿಯುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ. ಚಕ್ರದ ನಟ್‌ಗಳನ್ನು ಬಿಗಿದು ನೋಡಿ. ಅನಂತರ ಸದ್ದು ಯಾವಾಗ ಬರುತ್ತದೆಂದು ಗಮನಿಸಿ.

1. ಸಣ್ಣ ಕಲ್ಲು, ತಗ್ಗುಗಳ ಮೇಲೆ ನೇರವಾಗಿ ಹೋಗುವಾಗ ‘ಕಟಕಟ’ ಎಂದರೆ ಹೆಚ್ಚಾಗಿ ಲಿಂಕ್ ರಾಡ್ ಅಥವಾ ಶಾಕ್ ಅಬ್ಸಾರ್ಬರಿನ ಬುಶ್.

2. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ ಬಾನೆಟ್ಟಿನ ಬದಿಯಿಂದ ‘ಡಬ್’ ಎಂದರೆ ಶಾಕ್‌ನ ತಲೆಯ ಮೌಂಟಿಂಗ್.

3. ಬ್ರೇಕ್ ಒತ್ತಿದೊಡನೆ ಒಂದೇ ಸಲ ‘ಧಡ್’ ಎಂದರೆ ಲೋವರ್ ಆರ್ಮ್‌ನ ಬುಶ್.

4. ಪೂರ್ತಿ ತಿರುಗಿಸಿ ಮುಂದಕ್ಕೆ ಚಲಿಸುವಾಗ ಚಕ್ರದ ಗತಿಗೆ ಸರಿಯಾಗಿ ‘ಟಿಕ್ ಟಿಕ್’ ಎಂದರೆ ದೋಷ ಸ್ಟೇರಿಂಗಿನದಲ್ಲ, ಡ್ರೈವ್ ಶಾಫ್ಟ್‌ನ ಜಾಯಿಂಟಿನದು. 1983ರಲ್ಲಿ ಮಾರುತಿ 800 ಬಂದ ಮೇಲೆ ಮುಂದಿನ ಚಕ್ರಗಳೇ ಎಳೆಯುವ ಇಂಥ ಕಾರುಗಳು ನಮ್ಮಲ್ಲಿ ಹೆಚ್ಚಾದವು.

5. ಜೀಪು, ಪಿಕಪ್‌ಗಳಲ್ಲಿ ಮೂಟೆ ಹೇರಿದಾಗ ಬಡಿದರೆ ಕಮಾನು ಪಟ್ಟಿಯ ಯು ಬೋಲ್ಟ್ ಮತ್ತು ಶಾಕಲ್ ಬುಶ್ ನೋಡಬೇಕು. ಯು ಬೋಲ್ಟ್ ಸಡಿಲವಿದ್ದರೆ ಹೇರು ಹೇರಬಾರದು.

6. ಸದ್ದಿನ ಜೊತೆ ಸ್ಟೇರಿಂಗ್ ಕೈಯಲ್ಲಿ ಕುಟ್ಟಿದರೆ, ಸಡಿಲವೆನಿಸಿದರೆ ಅಥವಾ ಗಾಡಿ ಪಕ್ಕಕ್ಕೆ ಎಳೆದರೆ ಟೈ ರಾಡ್ ಎಂಡ್ ಅಥವಾ ಬಾಲ್ ಜಾಯಿಂಟ್ ಸವೆದಿರುವ ಶಂಕೆ. ಅಪಾಯದ ಸದ್ದು ಇದೇ.

ಈ ಆರನೆಯದನ್ನು ಮನೆಯಂಗಳದಲ್ಲೇ ಪರೀಕ್ಷಿಸಬಹುದು. ಸಮತಟ್ಟು ನೆಲದಲ್ಲಿ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಒಂದು ಚಕ್ರವನ್ನು ಜಾಕಿನಿಂದ ಎತ್ತಿರಿ. ಟೈರಿನ ಎಡಬಲ ಹಿಡಿದು ಅಲುಗಾಡಿಸಿ. ‘ಟಕ್’ ಎಂದು ಪ್ಲೇ ಕಂಡರೆ ಟೈ ರಾಡ್ ಎಂಡ್ ಇರಬಹುದು. ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದಾಗ ಕಂಡರೆ ಬಾಲ್ ಜಾಯಿಂಟ್ ಇಲ್ಲವೇ ಚಕ್ರದ ಬೇರಿಂಗ್. ಇನ್ನೊಬ್ಬರಿಂದ ಬ್ರೇಕ್ ಒತ್ತಿಸಿ. ಪ್ಲೇ ಮಾಯವಾದರೆ ಬೇರಿಂಗ್, ಉಳಿದರೆ ಕೀಲು. ಬರೀ ಜಾಕನ್ನು ನಂಬಿ ಗಾಡಿಯ ಅಡಿಗೆ ಯಾರೂ ಹೋಗಕೂಡದು. ಪ್ಲೇ ಕಾಣದಿದ್ದರೂ ಸದ್ದು ಮುಂದುವರಿದರೆ ಮೆಕ್ಯಾನಿಕ್ ಸಬ್ಬಲಿನಿಂದ ಮೀಟಿ ನೋಡಬೇಕಾಗುತ್ತದೆ.

ಲಿಂಕ್ ರಾಡ್, ಶಾಕ್ ಬುಶ್‌ಗಳನ್ನು ಮುಂದಿನ ಸರ್ವಿಸಿನಲ್ಲಿ ಮಾಡಿಸಿದರೂ ನಡೆದೀತು. ಕೀಲಿನ ಮಾತು ಹಾಗಲ್ಲ. ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಹೊರಕ್ಕೆ ಮಗುಚಿ ಬೀಳುತ್ತದೆ. ಟೈ ರಾಡ್ ಎಂಡ್ ಕಳಚಿದರೆ ಆ ಚಕ್ರ ಸ್ಟೇರಿಂಗಿನ ಮಾತು ಕೇಳುವುದಿಲ್ಲ. ಬಯಲಿನಲ್ಲಾದರೆ ಗದ್ದೆಗೆ ಇಳಿದೇವು, ಘಾಟಿಯಲ್ಲಿ ಪಕ್ಕಕ್ಕಿರುವುದು ಕಂದಕ. ‘ಕೊಯ್ಲು ಮುಗಿಯಲಿ, ನೋಡೋಣ’ ಎನ್ನುವುದು ಇಲ್ಲಿ ಸಲ್ಲದು. ಇಂಥ ಗಾಡಿಯನ್ನು ಘಟ್ಟ ಹತ್ತಿಸದೆ, ಓಡಿಸದೆ, ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿರಿ.

ಗ್ಯಾರೇಜಿನಲ್ಲಿ ‘ಸದ್ದು ಬರುತ್ತದೆ’ ಎಂದಷ್ಟೇ ಹೇಳಿದರೆ ಒಂದೊಂದೇ ಭಾಗ ಬದಲಾಗಿ ಬಿಲ್ಲು ಬೆಳೆಯುತ್ತದೆ, ಸದ್ದು ಇದ್ದಲ್ಲೇ ಇರುತ್ತದೆ. ಯಾವಾಗ, ಯಾವ ಕಡೆಯಿಂದ, ಹೇರಿದ್ದಾಗಲೋ ಖಾಲಿಯಿದ್ದಾಗಲೋ ಎಂದು ಚೀಟಿಯಲ್ಲಿ ಬರೆದುಕೊಡಿ. ತೆಗೆದ ಹಳೆಯ ಭಾಗವನ್ನು ಕೇಳಿ ಪಡೆದು ಕೈಯಲ್ಲಿ ಅಲುಗಾಡಿಸಿ ನೋಡಿ. ಟೈ ರಾಡ್ ಎಂಡ್ ಬದಲಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸದಿದ್ದರೆ ಹೊಸ ಟೈರೂ ಬೇಗ ಸವೆಯುತ್ತದೆ.

ಸದಸ್ಯರು ಸಂಘದ ಗೋದಾಮಿಗೆ ಈ ಸಾಲಿನ ಮೊದಲ ಹೇರು ತರುವುದರೊಳಗೆ ಈ ಪರೀಕ್ಷೆ ಮಾಡಿಕೊಳ್ಳಬೇಕಾಗಿ ವಿನಂತಿ. ಬಾಡಿಗೆ ಪಿಕಪ್‌ನವರಿಗೂ ಇದನ್ನು ಓದಿ ಹೇಳಿರಿ.

— ಕಾರ್ಯದರ್ಶಿ